ಹಾಳೆಯ ಹಿಂಬದಿ

ಮಗು ಹುಟ್ಟಿದ ಅರ್ಧ ಗಂಟೆಗೆ ನರ್ಸು ಅದನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಕೈಗೆ ಕೊಟ್ಟಾಗ, ಅಜ್ಜಿ ಮಾಡಿದ ಮೊದಲ ಕೆಲಸವೆಂದರೆ ಬಟ್ಟೆ ಬಿಚ್ಚಿ ಮಗುವನ್ನು ಬೋರಲು ಹಾಕಿದ್ದು. ಬೇರೆ ಯಾರಾದರೂ ಆಗಿದ್ದರೆ ಮುಖ ನೋಡಿ ಮುದ್ದಾಡುತ್ತಿದ್ದರು, ಮೂಗು ಯಾರದು ಕಿವಿ ಯಾರದು ಎಂದು ಪಾಲು ಹಂಚುತ್ತಿದ್ದರು. ಈಕೆ ಬೆನ್ನು ನೋಡಿದಳು, ಕತ್ತಿನ ಹಿಂಭಾಗ ನೋಡಿದಳು, ಎರಡೂ ಅಂಗಾಲು ನೋಡಿದಳು, ಆಮೇಲೆ ತಿರುಗಿಸಿ ಮುಖ ನೋಡಿ, "ಹೊಲಿಗೆ ಸರಿಯಾಗಿದೆ" ಎಂದಳು. ನರ್ಸು ನಕ್ಕಳು. ಹಾಸಿಗೆಯಲ್ಲಿ ಬಳಲಿ ಮಲಗಿದ್ದ ಸೊಸೆಗೆ ನಗುವ ತ್ರಾಣವೂ ಇರಲಿಲ್ಲ. ಅತ್ತೆಯ ಈ ಚಾಳಿ ಅವಳಿಗೆ ಹೊಸದೂ ಅಲ್ಲ.

ಅತ್ತೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ, ದೀಪದ ಕೆಳಗೆ ಹಿಡಿದು, ಎಲ್ಲಿ ನೂಲು ಬಿಟ್ಟಿದೆ, ಎಲ್ಲಿ ಹೊಲಿಗೆ ಹಾರಿದೆ ಎಂದು ಹುಡುಕುವುದೇ ಅವಳ ಉದ್ಯೋಗ. ಹೊರಮೈಯನ್ನು ಎಲ್ಲರೂ ಚೆನ್ನಾಗಿಯೇ ಹೊಲಿಯುತ್ತಾರೆ, ಕಳ್ಳಾಟ ಇರುವುದೆಲ್ಲ ಹಿಂದುಗಡೆ ಎಂಬುದು ಅವಳ ಸಿದ್ಧಾಂತ. ಅವಳ ಕಣ್ಣಿಗೆ ಪಾಸಾದ ಅಂಗಿಯ ಜೇಬಿಗೆ ಒಂದು ಪುಟ್ಟ ಚೀಟಿ ಬೀಳುತ್ತಿತ್ತು. ಅದರ ಮೇಲೆ ಅವಳ ಮೋಟು ಸಹಿ, ಸಹಿಯ ಕೆಳಗೆ ಇಪ್ಪತ್ತೇಳು ಎಂಬ ಅಂಕಿ. ಹೊಸ ಅಂಗಿಯ ಜೇಬಿಗೆ ಕೈ ಹಾಕಿದಾಗ ಸಿಕ್ಕಿ, ನಾವು ನೀವು ಓದದೆ ಬಿಸಾಡುವ ಚೀಟಿ ಇದೆಯಲ್ಲ, ಅದೇ. ಇಪ್ಪತ್ತೇಳನೇ ನಂಬರಿನ ಕೈಯಲ್ಲಿ ಪಾಸಾಗುವುದಕ್ಕಿಂತ ಸಾಯುವುದು ಮೇಲು ಎಂದು ಹೊಲಿಯುವ ಹೆಂಗಸರೆಲ್ಲ ಶಪಿಸುತ್ತಿದ್ದರು. ತಮ್ಮ ಮನೆಯವರಿಗೆ ಅಂಗಿ ಕೊಳ್ಳುವಾಗ ಮಾತ್ರ ಆ ನಂಬರನ್ನೇ ಹುಡುಕುತ್ತಿದ್ದರು.

ಮದುವೆಯಾಗಿ ಬಂದ ದಿನ ಈ ಸೊಸೆಯನ್ನೂ ಅತ್ತೆ ಹಾಗೇ ನೋಡಿದ್ದಳು: ಮುಂದಿನಿಂದ ಒಮ್ಮೆ, ಅವಳು ನೀರು ತರಲು ತಿರುಗಿದಾಗ ಹಿಂದಿನಿಂದ ಒಮ್ಮೆ. ನೋಡಿ ಏನೂ ಹೇಳಲಿಲ್ಲ. ಹೇಳದೆ ಕೇಳದೆ ಮೂವರು ಗೆಳೆಯರ ಎದುರು ಮದುವೆಯಾಗಿ ಬಂದ ಮಗನ ಮೇಲೆ ಅವಳಿಗೆ ಸಿಟ್ಟಿತ್ತು, ಇರಬೇಕಾದ್ದೇ. ಎರಡು ತಿಂಗಳು ಆ ಮನೆಯಲ್ಲಿ ಮಾತುಗಳನ್ನು ಅಳೆದು ಸುರಿದರು. ನಾನು ಪಾಸೋ ಫೇಲೋ ಎಂದು ಸೊಸೆ ಗಂಡನ ತಲೆ ತಿನ್ನುತ್ತಿದ್ದಳು. ರಿಜೆಕ್ಟ್ ಆಗಿದ್ದರೆ ಅವತ್ತೇ ವಾಪಸು ಕಳಿಸುತ್ತಿದ್ದಳು, ಸುಮ್ಮನಿರು ಎಂದು ಅವನು ನಗುತ್ತಿದ್ದ. ಪಾಸು ಎಂಬ ಮಾತು ಮಾತ್ರ ಅತ್ತೆಯ ಬಾಯಿಂದ ಬರಲೇ ಇಲ್ಲ.

ಅವನು ಲಿಫ್ಟ್ ಮೆಕ್ಯಾನಿಕ್. ಇವಳು ನಾಲ್ಕು ಮಹಡಿಯ ಜವಳಿ ಅಂಗಡಿಯಲ್ಲಿ ಲಿಫ್ಟ್ ನಡೆಸುತ್ತಿದ್ದವಳು. ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದ. ಪ್ರತಿ ಲಿಫ್ಟಿಗೂ ಒಂದು ತಪಾಸಣೆ ಪುಸ್ತಕ ಇರುತ್ತದೆ, ಮೇಲೆ ಯಂತ್ರದ ಕೋಣೆಯಲ್ಲಿ, ಗೋಡೆಗೆ ಹೊಡೆದ ತಗಡಿನ ಪೆಟ್ಟಿಗೆಯೊಳಗೆ. ತಿಂಗಳಿಗೊಂದು ಹಾಳೆ. ಮುಂಬದಿಯಲ್ಲಿ ಹಗ್ಗ, ಬ್ರೇಕು, ಬಾಗಿಲು ಎಂಬ ಪಟ್ಟಿ. ಹಿಂಬದಿಯಲ್ಲಿ 'ಷರಾ' ಎಂದು ದೊಡ್ಡ ಖಾಲಿ ಜಾಗ, ಅದರ ಬುಡದಲ್ಲಿ ಎರಡು ಸಹಿ, ಎಡಕ್ಕೆ ಮೆಕ್ಯಾನಿಕ್ಕಿನದು, ಬಲಕ್ಕೆ ಕಟ್ಟಡದವರದು. ಜಗತ್ತಿನಲ್ಲಿ ಯಾರೂ ಆ ಷರಾ ಓದುವುದಿಲ್ಲ. ಇವಳು ಓದಿದಳು. "ಹಗ್ಗ ಸರಿ ಇದೆ, ಬಾಗಿಲು ಸರಿ ಇದೆ, ಲಿಫ್ಟ್ ನಡೆಸುವವರು ಇವತ್ತು ನಕ್ಕಿಲ್ಲ, ಪರಿಶೀಲಿಸಬೇಕು" ಎಂದಿತ್ತು. ಇವಳು ಅದರ ಕೆಳಗೆ, "ಪರಿಶೀಲಿಸಲಾಗಿದೆ, ದೋಷವಿಲ್ಲ" ಎಂದು ಬರೆದು ಸಹಿ ಹಾಕಿದಳು. ಹೀಗೆ ಎಂಟು ತಿಂಗಳು, ಎಂಟು ಹಾಳೆ. ಒಂಬತ್ತನೇ ತಿಂಗಳಿಗೆ ಮದುವೆ.

ಮದುವೆಯನ್ನು ನೋಂದಣಿ ಮಾಡಿಸಲಿಲ್ಲ. ಇದು ಎಂಥ ತಪ್ಪು ಎಂದರೆ, ಬೇರೆ ಯಾರೂ ಮಾಡಲಾರದ್ದು. ನೋಂದಣಿ ಕಚೇರಿ ಇದ್ದ ಕಟ್ಟಡದ ಲಿಫ್ಟೂ ಅವನ ಸುಪರ್ದಿಯಲ್ಲೇ ಇತ್ತು. ತಿಂಗಳಿಗೊಮ್ಮೆ ಅಲ್ಲಿಗೇ ಹೋಗುತ್ತೇನಲ್ಲ, ಬರೆಸಿದರಾಯಿತು ಎನ್ನುತ್ತಿದ್ದ. ಹೋದಾಗ ಕೈ ತುಂಬ ಗ್ರೀಸು. ಈ ಕೈಯಲ್ಲಿ ಹೆಬ್ಬೆಟ್ಟು ಒತ್ತಿದರೆ ದಫ್ತರವೇ ಕಪ್ಪಾಗುತ್ತದೆ, ಮುಂದಿನ ತಿಂಗಳು ನೋಡೋಣ ಎಂದು ಬರುತ್ತಿದ್ದ. ನಾಳೆ ಎಂದವನ ಮನೆ ಹಾಳು ಅಂತ ಸುಮ್ಮನೆ ಹೇಳಿದ್ದಾರೆಯೇ? ಇವಳಿಗೆ ಏಳು ತಿಂಗಳು ತುಂಬಿದಾಗ ಅವನಿಗೆ ಜ್ವರ ಬಂತು. ಮೂರೇ ದಿನ. ನಾಲ್ಕನೇ ದಿನ ಅವನಿಲ್ಲ.

ಮರಣ ಪತ್ರವನ್ನು ಅದೇ ಕಚೇರಿ ಎರಡು ದಿನದಲ್ಲಿ ಕೊಟ್ಟಿತು. ಮದುವೆಯ ದಾಖಲೆ ಇಲ್ಲವಾದ್ದರಿಂದ ಅದರಲ್ಲಿ 'ಅವಿವಾಹಿತ' ಎಂದಿತ್ತು. ಸೊಸೆ ಆ ಪದವನ್ನು ನೋಡಿ, ಇನ್ನು ಈ ಮನೆಯಲ್ಲಿ ನನಗೆ ಯಾವ ನೆಲೆ ಎಂದುಕೊಂಡಳು. ಅತ್ತೆ ಕಾಗದ ಮಡಿಸಿ ಟ್ರಂಕಿನಲ್ಲಿಟ್ಟು, ಕಿಟಕಿ ಪಕ್ಕದ ತನ್ನ ಮಂಚವನ್ನು ಸೊಸೆಗೆ ಬಿಟ್ಟುಕೊಟ್ಟು, ತಾನು ಒಳಗಿನ ಮೂಲೆಗೆ ಹೋದಳು. ಬಸುರಿಗೆ ಗಾಳಿ ಬೇಕು ಎಂದಳು, ಅಷ್ಟೇ.

ಮಗು ಹೆಣ್ಣು. ಹನ್ನೊಂದನೇ ದಿನ ಇಬ್ಬರೂ ಆಸ್ಪತ್ರೆಯ ಜನನ ವರದಿ ಹಿಡಿದು ನೋಂದಣಿ ಕಚೇರಿಗೆ ಹೋದರು. ಕಚೇರಿ ನಾಲ್ಕನೇ ಮಹಡಿ. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಫಲಕ ನೇತುಬಿದ್ದಿತ್ತು. ಅವನು ಹೋದ ಮೇಲೆ ಹೊಸಬರು ಯಾರೂ ಬಂದಿರಲಿಲ್ಲ. ಎಂಬತ್ತೆಂಟು ಮೆಟ್ಟಿಲು. ಅತ್ತೆಯ ಎಡ ಮೊಣಕಾಲು ಮಾತಾಡುವ ಮೊಣಕಾಲು, ಪ್ರತಿ ಮೆಟ್ಟಿಲಿಗೂ ಕಟಕ್ ಎನ್ನುತ್ತಿತ್ತು. ಆದರೂ ಮಗುವನ್ನು ಅವಳೇ ಎತ್ತಿಕೊಂಡಳು.

ಅಲ್ಲಿ ಜನನ ವಿಭಾಗಕ್ಕೆ ಒಬ್ಬ ಹೆಡ್ ಗುಮಾಸ್ತರು. ತೆಳ್ಳಗೆ, ನೆಟ್ಟಗೆ, ಕಾಲರಿನ ಗುಂಡಿಯವರೆಗೂ ಹಾಕಿದ ಅಂಗಿ. ಪೆನ್ನಿನ ಮುಚ್ಚಳವನ್ನು ಪ್ರತಿ ಸಹಿಯ ನಂತರ ಹಾಕಿ, ಮುಂದಿನ ಸಹಿಗೆ ಮತ್ತೆ ತೆಗೆಯುವ ಜಾತಿ. ಯಾರ ಶಿಫಾರಸಿಗೂ ಬಗ್ಗಿದವರಲ್ಲ, ಯಾರಿಂದ ಒಂದು ಲೋಟ ಕಾಫಿ ಕುಡಿದವರೂ ಅಲ್ಲ. ಆ ಕಟ್ಟಡದ ನೀರು, ಫ್ಯಾನು, ಲಿಫ್ಟಿನ ಉಸ್ತುವಾರಿಯೂ ಅವರದೇ. ಕಾಗದಗಳನ್ನೆಲ್ಲ ನಿಧಾನವಾಗಿ ಓದಿ ಅವರು ವಿಷಯ ಹೇಳಿದರು. ಮದುವೆಯ ದಾಖಲೆ ಇಲ್ಲ. ತಂದೆ ಖುದ್ದಾಗಿ ಬಂದು ಒಪ್ಪಿ ಸಹಿ ಹಾಕುವಂತಿಲ್ಲ. ಮರಣ ಪತ್ರ ಬೇರೆ ಅವಿವಾಹಿತ ಎನ್ನುತ್ತದೆ. ಆದ್ದರಿಂದ ತಂದೆಯ ಹೆಸರು ಎಂಬಲ್ಲಿ ಒಂದು ಗೆರೆ ಎಳೆಯಬೇಕಾಗುತ್ತದೆ.

"ಗೆರೆ ಅಂದ್ರೆ ಅವಮಾನ ಅಂತಲ್ಲಮ್ಮ. ಮಾಹಿತಿ ಇಲ್ಲ ಅಂತ, ಅಷ್ಟೇ" ಎಂದರು ಮೆತ್ತಗೆ.

"ಮಾಹಿತಿ ಇಲ್ಲೇ ಮಲಗಿದೆಯಲ್ಲ ಸ್ವಾಮಿ" ಎಂದು ಅತ್ತೆ ಮಗುವನ್ನು ತೋರಿಸಿದಳು.

ಗುಮಾಸ್ತರು ಮಗುವನ್ನು ನೋಡಿದರು, ಆದರೆ ಮಗು ದಾಖಲೆಯಲ್ಲ. ಮೂವತ್ತು ದಿನದೊಳಗೆ ತಂದೆಯ ಬಗ್ಗೆ ಬರವಣಿಗೆಯ ಆಧಾರ ತಂದರೆ ಸರಿ. ಮೂವತ್ತನೇ ದಿನ ಸಂಜೆ ಐದಕ್ಕೆ ದಫ್ತರ ಮುಚ್ಚುತ್ತದೆ, ಗೆರೆ ಬೀಳುತ್ತದೆ. ಆಮೇಲೆ ಅಳಿಸಬೇಕಾದರೆ ಕೋರ್ಟು. ಕೋರ್ಟಿನ ವಿಷಯ ಪಕ್ಕದ ಸಾಲಿನಲ್ಲಿದ್ದ ಒಬ್ಬ ಮುದುಕ ಹೇಳಿದ: ಅದು ಮುಗಿಯುವಷ್ಟರಲ್ಲಿ ಮಗುವೇ ದೊಡ್ಡದಾಗಿ ವಕೀಲಿಕೆ ಓದಿ ವಾದ ಮಾಡಬಹುದಂತೆ.

ಸೊಸೆಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಮಗು ಶಾಲೆಗೆ ಹೋಗುವ ದಿನ, ಕೆಲಸಕ್ಕೆ ಸೇರುವ ದಿನ, ಪ್ರತಿ ಕಿಟಕಿಯಲ್ಲೂ ಯಾರೋ ಒಬ್ಬರು ಆ ಗೆರೆಯ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳುತ್ತಾರೆ. ಅಷ್ಟೇ ಅಲ್ಲ. ಗೆರೆ ಬಿದ್ದರೆ ಕಾಗದದ ಲೆಕ್ಕದಲ್ಲಿ ಈ ಅಜ್ಜಿ ಆ ಮಗುವಿಗೆ ಯಾರೂ ಅಲ್ಲ. ಎಂಬತ್ತೆಂಟು ಮೆಟ್ಟಿಲು ಹೊತ್ತು ತಂದ ದಾರಿಹೋಕಳು. ಅದು ಸೊಸೆಗೆ ಹೆಚ್ಚು ಚುಚ್ಚಿತು.

ಆಮೇಲಿನ ಹದಿನೆಂಟು ದಿನದಲ್ಲಿ ಏಳು ಸಲ ಹತ್ತಿ ಇಳಿದರು. ಮೂವರು ಗೆಳೆಯರಿಂದ ಬರೆಸಿ ತಂದರು; ಅದು ಮದುವೆ ನೋಡಿದವರ ಮಾತಾಯಿತು, ತಂದೆಯ ಮಾತಾಗಲಿಲ್ಲ. ಆಸ್ಪತ್ರೆಯ ಚೀಟಿ ತಂದರು. ಅದು ತಾಯಿ ಹೇಳಿ ಬರೆಸಿದ್ದು. ಒಂದು ಅರ್ಜಿಯಂತೂ ಚೌಕದ ಹೊರಗೆ ಮಸಿಯ ಚುಕ್ಕೆ ಬಿದ್ದಿದೆ ಎಂಬ ಒಂದೇ ಕಾರಣಕ್ಕೆ ವಾಪಸು ಬಂತು. ಸಲ್ಲದ ಗುರುತು ಇರುವ ಅರ್ಜಿ ಅರ್ಜಿಯೇ ಅಲ್ಲವಂತೆ. ಮೆಟ್ಟಿಲ ತಿರುವಿನಲ್ಲಿ ಕೂತು ಮಗುವಿಗೆ ಹಾಲೂಡಿಸುತ್ತ ಸೊಸೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗಿದಳು. ಅತ್ತೆ ಒಪ್ಪಲಿಲ್ಲ. "ಹಾಗನ್ನಬೇಡ. ಅವರು ಒಳ್ಳೆ ಚೆಕ್ಕರ್. ತಪ್ಪು ಅವರದಲ್ಲ, ನಾವು ತರ್ತಿರೋ ಮಾಲಿನದು" ಎಂದಳು.

ನೋಡಿ, ಇಂಥ ಹೆಂಗಸು. ಬೆಳಿಗ್ಗೆ ಆರಕ್ಕೆ ಎದ್ದು ಮಗುವಿನ ಬಟ್ಟೆ ಒಗೆದು, ಕಾರ್ಖಾನೆಯಲ್ಲಿ ಅರ್ಧ ದಿನ ಅಂಗಿ ತಿರುಗಿಸಿ, ಮಧ್ಯಾಹ್ನ ಕಚೇರಿಯ ಮೆಟ್ಟಿಲು ಹತ್ತಿ, ತನ್ನನ್ನು ಏಳು ಸಲ ವಾಪಸು ಕಳಿಸಿದವನ ಕೆಲಸವನ್ನು ಮೆಚ್ಚುತ್ತಾಳೆ. ಸತ್ತವನು ಅವಳ ಒಬ್ಬನೇ ಮಗ. ಒಂದು ಸಲವಾದರೂ ಸೊಸೆಯ ಮುಖ ನೋಡಿ, ಈ ಮಗು ನಿಜವಾಗಿಯೂ ಅವನದೇ ತಾನೇ ಎಂಬ ಅರೆನೋಟವನ್ನೂ ಬೀರಲಿಲ್ಲ. ಬೇರೆ ಮನೆಗಳಲ್ಲಿ ನೋಟವಲ್ಲ, ಮಾತೇ ಬಂದಿರುತ್ತಿತ್ತು.

ಇಪ್ಪತ್ತೊಂಬತ್ತನೇ ದಿನ ಗುಮಾಸ್ತರು ಒಂದು ಅಚ್ಚಾದ ಕಾಗದ ಕೈಗಿಟ್ಟರು. ಕೇಳಿದ ಆಧಾರ ಬಂದಿಲ್ಲ, ನಾಳೆ ಸಂಜೆ ಐದರ ನಂತರ ತಂದೆಯ ಹೆಸರಿಲ್ಲದೆ ನೋಂದಾಯಿಸಲಾಗುವುದು ಎಂದು ಅದರಲ್ಲಿತ್ತು. ಅದರ ಮೇಲೆ ಸಹಿ ಹಾಕುವ ಮೊದಲು ಪೂರ್ತಿ ಓದಿದರು, ತಾವೇ ಭರ್ತಿ ಮಾಡಿದ್ದನ್ನು. ಓದದೆ ಈ ಮೇಜಿನ ಮೇಲೆ ಒಂದು ಸಹಿಯೂ ಬಿದ್ದಿಲ್ಲಮ್ಮ, ಮೂವತ್ತೊಂದು ವರ್ಷ ಆಯಿತು ಎಂದೂ ಹೇಳಿದರು. ಅದು ಜಂಬವಾಗಿರಲಿಲ್ಲ, ಒಂದು ಬಗೆಯ ಕ್ಷಮೆಯಾಗಿತ್ತು.

ಸಂಜೆ ಮನೆಗೆ ಬಂದು ಸೊಸೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಅತ್ತೆ ಅನ್ನಕ್ಕಿಟ್ಟು, ಕನ್ನಡಕ ಒರೆಸಿಕೊಂಡು, ಆ ಕಾಗದವನ್ನು ದೀಪದ ಕೆಳಗೆ ಹಿಡಿದಳು. ಹಿಡಿದು, ತಿರುಗಿಸಿದಳು. ಹಿಂಬದಿಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ನಿಯಮಗಳು. ಯಾರೂ ಓದಬಾರದೆಂದೇ ಅಚ್ಚು ಹಾಕಿದಂತಿದ್ದವು. ಅತ್ತೆ ಬೆರಳಿಟ್ಟು ಒಂದೊಂದೇ ಸಾಲು ದಾಟಿದಳು. ಅನ್ನ ತಳ ಹಿಡಿದ ವಾಸನೆ ಬಂತು, ಅವಳು ಏಳಲಿಲ್ಲ. ಒಂಬತ್ತನೇ ನಿಯಮದ ಮೇಲೆ ಬೆರಳು ನಿಂತಿತು.

"ಏಳು ಮಗಾ, ಇದನ್ನ ಓದು" ಎಂದಳು.

ತಂದೆ ತೀರಿಕೊಂಡಿದ್ದರೆ, ಮಗು ಹುಟ್ಟುವ ಮೊದಲು ಅವನು ಸ್ವಂತ ಕೈಯಲ್ಲಿ ಬರೆದು, ಸರ್ಕಾರಿ ಅಧಿಕಾರಿಯೊಬ್ಬರ ಎದುರು ಸಹಿ ಮಾಡಿ, ಆ ಅಧಿಕಾರಿಯೂ ಸಹಿ ಮಾಡಿದ ಯಾವುದೇ ಬರಹದಲ್ಲಿ ಮಗುವಿನ ವಿಷಯವಿದ್ದರೆ ಅದನ್ನು ತಂದೆಯ ಒಪ್ಪಿಗೆ ಎಂದು ತೆಗೆದುಕೊಳ್ಳಬಹುದು. ನಿಯಮ ಇಷ್ಟೇ. ಅತ್ತೆ ಕನ್ನಡಕ ತೆಗೆದು, ಅವನು ಯಾವ ಅಧಿಕಾರಿಯ ಎದುರು ಏನು ಬರೆದಾನು, ಜನ್ಮದಲ್ಲಿ ನನಗೊಂದು ಕಾಗದ ಬರೆದವನಲ್ಲ ಎಂದು ನಿಟ್ಟುಸಿರಿಟ್ಟಳು.

ಸೊಸೆ ಎದ್ದು ಕೂತಳು. ಐದನೇ ತಿಂಗಳ ಸ್ಕ್ಯಾನಿನ ದಿನ ಅವನು ಹೇಳಿದ ಹೊತ್ತಿಗಿಂತ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ಕೆಲಸ ಬಿಟ್ಟು ಹೇಗೆ ಬಂದೆ ಎಂದು ಕೇಳಿದ್ದಕ್ಕೆ, "ಬರವಣಿಗೆಯಲ್ಲಿ ರಜೆ ತಗೊಂಡೇ ಬಂದಿದೀನಿ" ಎಂದಿದ್ದ. ಅವತ್ತು ಬೆಳಿಗ್ಗೆ ಅವನು ಹೋಗಿದ್ದದ್ದು ನೋಂದಣಿ ಕಚೇರಿಯ ಲಿಫ್ಟಿಗೆ. ಬೇಗ ಹೊರಟರೆ ಕಾರಣವನ್ನು ಷರಾದಲ್ಲಿ ಬರೆಯಬೇಕು. ಇವನೋ, ಲಿಫ್ಟ್ ನಡೆಸುವವಳು ನಗಲಿಲ್ಲ ಎಂಬುದನ್ನೇ ಷರಾದಲ್ಲಿ ಬರೆದ ಆಸಾಮಿ.

ಮೂವತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೇ ಇಬ್ಬರೂ ಸಾಲಿನಲ್ಲಿದ್ದರು. ಅವತ್ತು ಸಾಲು ಮೆಟ್ಟಿಲವರೆಗೂ ಇತ್ತು. ಕಿಟಕಿ ಮುಟ್ಟುವಷ್ಟರಲ್ಲಿ ಮೂರೂವರೆ. ಸೊಸೆ ವಿಷಯ ಹೇಳಿದಳು. ಗುಮಾಸ್ತರು ತಮ್ಮದೇ ಕಾಗದದ ಹಿಂಬದಿಯನ್ನು ಎರಡು ಸಲ ಓದಿ, ಒಂಬತ್ತನೇ ನಿಯಮ ಇರುವುದು ನಿಜ ಎಂದು ಒಪ್ಪಿದರು. ಆದರೆ ಯಂತ್ರದ ಕೋಣೆ ಸಾರ್ವಜನಿಕರಿಗಲ್ಲ, ಬೀಗ ಹಾಕಿ ನಾಲ್ಕು ತಿಂಗಳಾಯಿತು, ಲಿಫ್ಟಿನ ಪುಸ್ತಕದಲ್ಲಿ ಮಗುವಿನ ವಿಷಯ ಯಾಕಿರುತ್ತದೆ ಎಂದು ಗೋಡೆ ಕಟ್ಟಿದರು.

"ಇಲ್ದಿದ್ರೆ ಗೆರೆ ಎಳೀರಿ, ನಾನೇ ಸ್ಕೇಲು ಹಿಡ್ಕೋತೀನಿ. ಆದ್ರೆ ನೋಡದೆ ರಿಜೆಕ್ಟ್ ಮಾಡೋ ಹಾಗಿಲ್ಲ. ನೀವೂ ಮಾಡಲ್ಲ, ನಾನೂ ಮಾಡಲ್ಲ" ಎಂದಳು ಅತ್ತೆ.

ಗುಮಾಸ್ತರು ಪೆನ್ನಿಗೆ ಮುಚ್ಚಳ ಹಾಕಿ, ಡ್ರಾಯರಿನಿಂದ ಬೀಗದ ಕೈ ತೆಗೆದು ಎದ್ದರು. ಅತ್ತೆ ಮಗುವನ್ನೆತ್ತಿಕೊಂಡು ಕಿಟಕಿಯ ಮುಂದೆಯೇ ಕಂಬದಂತೆ ನಿಂತಳು. ಸಾಲು ಬಿಟ್ಟರೆ ಮತ್ತೆ ಹಿಂದಿನಿಂದ ಬರಬೇಕು. ಸೊಸೆ ಗುಮಾಸ್ತರ ಹಿಂದೆ ತಾರಸಿಗೆ ಹತ್ತಿದಳು.

ಯಂತ್ರದ ಕೋಣೆಯ ಬಾಗಿಲು ತೆರೆದದ್ದೇ ಗ್ರೀಸಿನ ವಾಸನೆ ಬಂತು. ಅವನ ಅಂಗಿಯ ವಾಸನೆ. ಮೊಳೆಗೆ ಅವನ ಒರೆಸುವ ಬಟ್ಟೆ ನಾಲ್ಕು ಮಡಿಕೆಯಾಗಿ ನೇತಾಡುತ್ತಿತ್ತು. ಸ್ವಿಚ್ಚಿನ ಪಕ್ಕ ಸೀಮೆಸುಣ್ಣದಲ್ಲಿ, 'ಹೋಗುವಾಗ ದೀಪ ಆರಿಸಿ, ನೀವೇ, ನಿಮಗೇ ಹೇಳಿದ್ದು' ಎಂದು ಅವನ ಕೈಬರಹ. ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಳುವುದಕ್ಕೆ ಅವತ್ತು ಹೊತ್ತಿರಲಿಲ್ಲ. ತಗಡಿನ ಪೆಟ್ಟಿಗೆ ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು, ಬಾಗಿಲ ಹಿಂದೆ, ಮೊಣಕೈ ಎತ್ತರದಲ್ಲಿ. ಪುಸ್ತಕ ಅಲ್ಲೇ ಇತ್ತು.

ಸ್ಕ್ಯಾನಿನ ತಾರೀಖು ಹನ್ನೆರಡು. ಗುಮಾಸ್ತರು ದೂಳು ಊದಿ ಹಾಳೆ ಮಗುಚಿದರು, ಹನ್ನೆರಡನೇ ತಾರೀಖಿನ ಹಾಳೆ ಸಿಕ್ಕಿತು. ಹಗ್ಗ, ಸರಿ. ಬ್ರೇಕು, ಸರಿ. ಬಾಗಿಲು, ಗಮನಿಸಬೇಕು. ಇಷ್ಟೇ.

"ಏನೂ ಇಲ್ಲಮ್ಮ" ಎಂದು ಅವರು ಪುಸ್ತಕ ಮುಚ್ಚಲು ಹೋದರು. ಅವರ ದನಿಯಲ್ಲಿ ನಿಜವಾಗಿ ಬೇಸರವಿತ್ತು.

"ಹಿಂದೆ ತಿರುಗಿಸಿ ನೋಡಿ ಸಾರ್" ಎಂದಳು ಸೊಸೆ.

ಅವರು ತಿರುಗಿಸಿದರು. ಷರಾದ ಜಾಗ ತುಂಬಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಅವರು ಗಟ್ಟಿಯಾಗಿ ಓದಿದರು, ಕಚೇರಿಯಲ್ಲಿ ಅರ್ಜಿ ಓದುವ ಅದೇ ದನಿಯಲ್ಲಿ:

"ಎಣ್ಣೆ ಬದಲಾಯಿಸಿದೆ. ಮೂರನೇ ಮಹಡಿಯ ಬಾಗಿಲು ಮುನಿಸಿಕೊಂಡಿದೆ, ಮುಂದಿನ ತಿಂಗಳು ಸಮಾಧಾನ ಮಾಡಬೇಕು. ಇವತ್ತು ಒಂದು ಗಂಟೆ ಬೇಗ ಹೊರಡುತ್ತಿದ್ದೇನೆ. ಕಾರಣ, ನನ್ನ ಹೆಂಡತಿಗೆ ಐದನೇ ತಿಂಗಳು, ಸ್ಕ್ಯಾನಿಂಗ್ ಇದೆ. ನಾನು ಅಪ್ಪನಾಗುತ್ತಿದ್ದೇನೆ, ಮೊದಲನೇ ಸಲ. ಹುಟ್ಟಿದ ಮೇಲೆ ನಮ್ಮಮ್ಮ ಅದನ್ನೂ ತಿರುಗಿಸಿ ಹಿಂದುಗಡೆ ನೋಡುತ್ತಾಳೆ. ಪಾಸಾಗಲಿ. ಇದನ್ನು ಓದಿದವರಿಗೆ ಸಿಹಿ ಕೊಡಲಾಗುವುದು."

ಹೆಂಡತಿ ಎಂಬುದರ ಪಕ್ಕ ಕಂಸದಲ್ಲಿ ಅವಳ ಪೂರ್ತಿ ಹೆಸರಿತ್ತು, ಅವಳ ಅಪ್ಪನ ಹೆಸರಿನ ಸಮೇತ. ಲಿಫ್ಟಿನ ಪುಸ್ತಕದಲ್ಲೂ ಅವನು ಅವಳನ್ನು ಅರ್ಧ ಹೆಸರಿನಿಂದ ಬರೆಯುವವನಲ್ಲ. ಕೆಳಗೆ ಎಡಕ್ಕೆ ಅವನ ಸಹಿ. ಬಲಕ್ಕೆ, ತೆಳ್ಳಗೆ ನೆಟ್ಟಗೆ, ಹೆಡ್ ಗುಮಾಸ್ತರ ಸಹಿ ಮತ್ತು ಕಚೇರಿಯ ಮೊಹರು.

ಗುಮಾಸ್ತರು ಆ ಸಹಿಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತರು. ಆಮೇಲೆ ಹಿಂದಿನ ಹಾಳೆ ತಿರುಗಿಸಿದರು, ಅದರ ಹಿಂದಿನದನ್ನೂ ತಿರುಗಿಸಿದರು. ಎಲ್ಲದರಲ್ಲೂ ಷರಾ, ಎಲ್ಲದರಲ್ಲೂ ಅವರ ಸಹಿ. ಒಂದರಲ್ಲಂತೂ, 'ನಾಲ್ಕನೇ ಮಹಡಿಯ ಸಾಹೇಬರು ಇದನ್ನು ಓದುವುದಿಲ್ಲ ಎಂದು ನನ್ನ ಅನುಮಾನ' ಎಂದಿತ್ತು. ಅದರ ಕೆಳಗೂ ಸಹಿ.

"ಓದಿ ಸಹಿ ಹಾಕಿ ಸಾರ್ ಅಂತಿದ್ದ. ಪ್ರತಿ ಸಲ ಅಂತಿದ್ದ. ಲಿಫ್ಟ್ ಓಡುತ್ತೆ ತಾನೇ ಅಂತ ಕೇಳಿ ಹಾಕಿಬಿಡ್ತಿದ್ದೆ" ಎಂದರು.

ಆ ಮನುಷ್ಯನ ಮೇಲೆ ಸೊಸೆಗೆ ಕೋಪ ಬರಬೇಕಿತ್ತು, ಬರಲಿಲ್ಲ. ಇವರು ಈಗ ನಾನು ನೋಡಲಿಲ್ಲ, ಅದು ಲೆಕ್ಕಕ್ಕಿಲ್ಲ ಎಂದರೆ ಎಲ್ಲ ಮುಗಿಯಿತು ಎಂಬ ಹೆದರಿಕೆ ಮಾತ್ರ ಇತ್ತು. ಅವರು ಪುಸ್ತಕವನ್ನು ಎದೆಗೆ ಅವುಚಿಕೊಂಡು, ಹೋಗುವಾಗ ದೀಪ ಆರಿಸಿ, ಮುಂದೆ ಇಳಿದರು.

ಕಿಟಕಿಯ ಬಳಿ ಅತ್ತೆ ಹಾಗೆಯೇ ನಿಂತಿದ್ದಳು, ಹಿಂದಿನ ಸಾಲು ಗೊಣಗುತ್ತಿತ್ತು. ಗಡಿಯಾರದಲ್ಲಿ ನಾಲ್ಕೂ ಹತ್ತು. ಗುಮಾಸ್ತರು ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಹೇಳಿದರು.

"ಓದದೆ ಒಂದು ಸಹಿಯೂ ಹಾಕಿಲ್ಲ ಅಂದಿದ್ದೆನಲ್ಲ. ಅದು ಸುಳ್ಳಮ್ಮ. ಇಲ್ಲಿ ಹದಿನೆಂಟಿವೆ."

ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಮೂವತ್ತೊಂದು ವರ್ಷದ ಮರ್ಯಾದೆಯನ್ನು ಹಾಗೆ ಕೈಯಾರೆ ಬಿಚ್ಚಿಡುವುದು ಸಣ್ಣ ಮಾತಲ್ಲ. ಪುಸ್ತಕವನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬಂದಿದ್ದರೆ ಕೇಳುವವರು ಯಾರಿದ್ದರು? ಅತ್ತೆ ಪುಸ್ತಕ ತೆಗೆದುಕೊಂಡು ಆ ಷರಾ ಓದಿದಳು. ನಮ್ಮಮ್ಮ ಎಂಬ ಪದ ಬಂದಲ್ಲಿ ಅವಳ ಬೆರಳು ನಿಂತಿತು. ಮಗ ಸತ್ತ ದಿನವೂ ಜನರೆದುರು ಅಳದಿದ್ದ ಹೆಂಗಸು ಸೆರಗಿನಿಂದ ಕನ್ನಡಕವನ್ನು ಬಹಳ ಹೊತ್ತು ಒರೆಸಿದಳು.

"ಬೆನ್ನಿಗೆ ಎರಡು ಬಾರಿಸಬೇಕಿತ್ತು ಇವನಿಗೆ" ಎಂದಳು. ಆಮೇಲೆ ಗುಮಾಸ್ತರಿಗೆ, "ಹಾಕುವಾಗ ಓದಿರಲಿಲ್ಲ. ಈಗ ಓದಿದ್ರಲ್ಲ ಸ್ವಾಮಿ. ಅವನು ನಿಮ್ಮೆದುರಿಗೇ ಸಹಿ ಹಾಕಿದ್ದು ತಾನೇ?"

"ನನ್ನೆದುರಿಗೇ. ಅದಕ್ಕೆ ನಾನೇ ಸಾಕ್ಷಿ" ಎಂದರು ಗುಮಾಸ್ತರು. ಕೂತು, ಪೆನ್ನಿನ ಮುಚ್ಚಳ ತೆಗೆದರು. ಅರ್ಜಿಯಲ್ಲಿ ತಂದೆಯ ಹೆಸರು ಎಂಬಲ್ಲಿ ಒಂದೊಂದೇ ಅಕ್ಷರವಾಗಿ ಅವನ ಹೆಸರು ಬಂತು. ಪಕ್ಕದಲ್ಲಿ, ಒಂಬತ್ತನೇ ನಿಯಮದಂತೆ, ಆಧಾರ: ಲಿಫ್ಟ್ ತಪಾಸಣೆ ಪುಸ್ತಕ. ಅಂಥ ಆಧಾರ ಆ ದಫ್ತರದಲ್ಲಿ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಅನುಮಾನ. ಅವಿವಾಹಿತ ಎಂಬುದನ್ನು ತಿದ್ದಿಸಲು ಬೇರೆ ಅರ್ಜಿ ಕೊಡಿ, ಅದಕ್ಕೂ ಈ ಹಾಳೆಯನ್ನೇ ಲಗತ್ತಿಸಿ, ನಾನೇ ಬರೆದುಕೊಡುತ್ತೇನೆ ಎಂದೂ ಹೇಳಿದರು. ಕೊನೆಗೆ ಮಗುವಿನ ಸಂಬಂಧಿಕರು ಎಂಬಲ್ಲಿ ಅಜ್ಜಿಯ ಸಹಿ ಬೇಕು ಎಂದು ಅರ್ಜಿಯನ್ನು ತಿರುಗಿಸಿ ಅವಳ ಮುಂದಿಟ್ಟರು. ತಂದೆಯ ತಾಯಿ, ಎಂದು ಅವರೇ ಬರೆದಿದ್ದರು.

ಅತ್ತೆ ಸಹಿ ಹಾಕುವ ಮೊದಲು ಎರಡೂ ಬದಿ ಓದಿದಳು. ಸಾಲೂ ಕಾದಿತು, ಗುಮಾಸ್ತರೂ ಕಾದರು. ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ತಾರೀಖು, ತೂಕ. ಒಂದೂ ತಪ್ಪಿಲ್ಲ. ಆಮೇಲೆ ಪೆನ್ನು ತೆಗೆದುಕೊಂಡು ತನ್ನ ಮೋಟು ಸಹಿ ಹಾಕಿದಳು. ಹಾಕಿದ ಕೈ ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ, ಸಹಿಯ ಕೆಳಗೆ ತಾನಾಗಿಯೇ ಬರೆದುಬಿಟ್ಟಿತು: ೨೭.

ಚೌಕದ ಹೊರಗೆ ಒಂದು ಚುಕ್ಕೆ ಬಿದ್ದಿದ್ದಕ್ಕೆ ಅರ್ಜಿ ವಾಪಸು ಕೊಟ್ಟವರು ಈ ಗುಮಾಸ್ತರು. ಇದು ಚುಕ್ಕೆಯಲ್ಲ, ಎರಡು ಅಂಕಿ, ಅದೂ ಅಳಿಸಲಾಗದ ಮಸಿಯಲ್ಲಿ. ಹೊಸ ಅರ್ಜಿ ಕೊಡುವ ಕಿಟಕಿ ನಾಲ್ಕಕ್ಕೇ ಮುಚ್ಚಿತ್ತು. ಅತ್ತೆ ಪೆನ್ನು ಕೆಳಗಿಟ್ಟು ತಾನು ಬರೆದದ್ದನ್ನೇ ನೋಡುತ್ತಿದ್ದಳು. ಅವಳು ತಪ್ಪು ಮಾಡಿದ್ದನ್ನು ಸೊಸೆ ಕಂಡದ್ದು ಅದೇ ಮೊದಲು.

"ಇದೇನಮ್ಮ ಇಪ್ಪತ್ತೇಳು?" ಎಂದರು ಗುಮಾಸ್ತರು.

ಅತ್ತೆ ತಡವರಿಸಿದಳು. "ಕಾರ್ಖಾನೆ ನಂಬರು. ಕೈ ಮಾತು ಕೇಳಲಿಲ್ಲ. ಎಲ್ಲಾ ನೋಡಿ, ತಪ್ಪಿಲ್ಲ ಅಂತಾದ್ರೆ ಹಾಕೋದು ಅದನ್ನ. ಪಾಸಾದ ಮಾಲಿಗೆ ಮಾತ್ರ."

ಗುಮಾಸ್ತರು ಅರ್ಜಿಯನ್ನು ಮುಂದಿನಿಂದ ನೋಡಿದರು. ಎತ್ತಿ, ತಿರುಗಿಸಿ, ಹಿಂದಿನಿಂದ ನೋಡಿದರು. ಮತ್ತೆ ಮುಂದಕ್ಕೆ ತಂದು, ಆ ಅಂಕಿಯ ಪಕ್ಕದಲ್ಲೇ, ಅವರೂ ನಿಯಮದಲ್ಲಿಲ್ಲದ ಒಂದು ಪದ ಬರೆದರು: 'ಓದಿದ್ದೇನೆ'. ಅದರ ಕೆಳಗೆ ಸಹಿ ಹಾಕಿ, ಮೊಹರು ಒತ್ತಿ, ಪೆನ್ನಿಗೆ ಮುಚ್ಚಳ ಹಾಕಿದರು. ಆ ಸಿಹಿ ನನಗೆ ಸಲ್ಲುವುದಿಲ್ಲ ಎಂದು ನಗಲು ನೋಡಿದರು, ನಗು ಪೂರ್ತಿ ಬರಲಿಲ್ಲ.

ಜನನ ಪತ್ರವನ್ನು ಸೊಸೆ ಮೆಟ್ಟಿಲ ತಿರುವಿನಲ್ಲಿ, ಹಾಲೂಡಿಸಲು ಕೂತಿದ್ದ ಅದೇ ಜಾಗದಲ್ಲಿ ನಿಂತು ಓದಿದಳು. ಜೊತೆಗೆ ಕೊಟ್ಟಿದ್ದ ಅರ್ಜಿಯ ನಕಲನ್ನೂ ಓದಿದಳು. ಮಗುವಿನ ಹೆಸರು, ಅವನ ಹೆಸರು, ತನ್ನ ಹೆಸರು, ಮೂರೂ ಒಂದರ ಕೆಳಗೊಂದು. ಮೂರಕ್ಕೂ ಸೇರಿಸಿ ಕೆಳಗೆ ಆ ಅಂಕಿ. ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಆಗ ಹೊರಗೆ ಬಂತು.

"ಅತ್ತೆ, ಹಾಗಾದ್ರೆ ನಾನೂ ಪಾಸಾ?"

ಅತ್ತೆ ಮಗುವನ್ನು ಎಡ ಭುಜಕ್ಕೆ ಹಾಕಿಕೊಂಡು, ಬಲಗೈಯಲ್ಲಿ ಕಂಬಿ ಹಿಡಿದು, ಮಾತಾಡುವ ಮೊಣಕಾಲನ್ನು ಮೊದಲ ಮೆಟ್ಟಿಲಿಗೆ ಇಳಿಸಿದಳು.

"ಬಂದ ದಿನವೇ ಪಾಸು ಕಣೇ" ಎಂದಳು ತಿರುಗಿ ನೋಡದೆ. "ಚೀಟಿ ಹಾಕೋಕೆ ನಿನ್ನ ಸೀರೆಗೆ ಜೇಬಿರಲಿಲ್ಲ, ಅಷ್ಟೇ."